ಪ್ಲಾಸ್ಟರ್ ಮೇಲೆ ಬರೆದಿದ್ದೇ ಕೆಲಸಕ್ಕೆ ಬಂತು

ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಅಜ್ಜಿಗೆ ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವ ಕಾಯಿಲೆ) ಚಿಕಿತ್ಸೆಯೂ ಬೇಕು ಅಂತ ಡಾಕ್ಟರಾದ ನಮಗೆಲ್ಲ ಗೊತ್ತು. ಮಾಡುವವರು ಎಷ್ಟು ಜನ? ಕಟ್ಟು ಹಾಕುತ್ತೇವೆ, ಬಿಚ್ಚುತ್ತೇವೆ, ಕ್ಯಾಲ್ಸಿಯಂ ಬರೆದು ಕಳಿಸುತ್ತೇವೆ. ಅದೇ ಅಜ್ಜಿ ಆಮೇಲೆ ಸೊಂಟ ಮುರಿದುಕೊಂಡು ಬರುತ್ತಾರೆ. ತೆಂಗಿನ ಸೀಮೆಯ ತಾಲ್ಲೂಕು ಊರಿನಲ್ಲಿ ನನ್ನದು ಸಣ್ಣ ನರ್ಸಿಂಗ್ ಹೋಮ್. "ಇದೆಲ್ಲ ಬೆಂಗಳೂರಲ್ಲಿ ನಡೆಯುತ್ತೆ ಬಿಡಿ" ಅಂತ ನಕ್ಕಿದ್ದ ಡಾಕ್ಟರುಗಳೇ ಈಗ ಫೋನ್ ಮಾಡಿ ಈ ಚಿಕಿತ್ಸೆ ಹೇಗೆ ಕೊಡಿಸ್ತೀರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಮೂಳೆ ಎಷ್ಟು ಗಟ್ಟಿ ಅಂತ ಅಂದಾಜು ಮಾಡುವ ಹಿಮ್ಮಡಿ ಸ್ಕ್ಯಾನ್ ಕ್ಯಾಂಪ್ ಮಾಡಿದೆವು. ಶಾಮಿಯಾನ, ಮೈಕು, ಊಟ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ. ಬಂದವರಿಗೆಲ್ಲ ಒಂದೊಂದು ಚೀಟಿ, ಮೆಡಿಕಲ್ ಸ್ಟೋರಿನವರಿಗೆ ಒಳ್ಳೆ ವ್ಯಾಪಾರ, ತಿರುಗಿ ಬಂದವರು ಬೆರಳೆಣಿಕೆ. ಆಮೇಲೆ ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ 70 ಮಿಗ್ರಾಂ ಮಾತ್ರೆ, ವಾರಕ್ಕೊಂದು. ಖಾಲಿ ಹೊಟ್ಟೆ, ದೊಡ್ಡ ಲೋಟ ನೀರು, ಅರ್ಧ ಗಂಟೆ ಮಲಗಬಾರದು ಅಂತ ಹೇಳಿದ್ದೇ ಹೇಳಿದ್ದು. ಅವರು ಕಾಫಿ ಜೊತೆ ನುಂಗಿ ಅಡ್ಡಾದರು. ಎದೆ ಉರಿ ಶುರುವಾಗಿ ಎರಡು ಮೂರು ತಿಂಗಳಿಗೆಲ್ಲ ಮಾತ್ರೆಗೆ ಕೈಮುಗಿದರು.

ಈಗ ಐವತ್ತು ದಾಟಿದವರು ನಿಂತಲ್ಲೇ ಬಿದ್ದು ಮುರಿದುಕೊಂಡಿದ್ದರೆ, ಪ್ಲಾಸ್ಟರ್ ಒಣಗಿದ ಮೇಲೆ ನಮ್ಮ ಸಿಸ್ಟರ್ ಅದರ ಮೇಲೆ ನೀಲಿ ಮಾರ್ಕರಿನಲ್ಲಿ ದಪ್ಪಗೆ ಬರೆಯುತ್ತಾರೆ: "ಮೂಳೆ ಟೆಸ್ಟ್ ಬಾಕಿ". ಕೆಳಗೆ ಬಿಚ್ಚುವ ತಾರೀಕು. ಬಸ್ಸಲ್ಲಿ, ಮದುವೆ ಮನೆಯಲ್ಲಿ, ಹಾಲಿನ ಡೈರಿ ಮುಂದೆ ಕಂಡವರೆಲ್ಲ "ಏನಜ್ಜಿ, ಟೆಸ್ಟ್ ಮಾಡಿಸಿದ್ರಾ?" ಅಂತ ಕೇಳಿ ಕೇಳಿ, ಕೊನೆಗೆ ಅಜ್ಜಿಯೇ ಮಗನ ಮೇಲೆ ರೇಗಿ ಕರೆದುಕೊಂಡು ಬರುತ್ತಾರೆ. ಖರ್ಚು ಒಂದು ಮಾರ್ಕರ್.

ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದು, ಮೊದಲ ದಿನದಿಂದಲೇ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಂದರೆ ತುಮಕೂರಿಗೇ ಹೋಗಬೇಕು, ಬಾಡಿಗೆ ಕಾರು ಸೇರಿ ನಾಲ್ಕೈದು ಸಾವಿರ. ಸೊಂಟ, ಬೆನ್ನುಮೂಳೆ ಮುರಿದವರನ್ನು ಅದಕ್ಕಾಗಿ ಕಾಯಿಸುವುದಿಲ್ಲ. ಮಣಿಕಟ್ಟಿನವರಿಗೆ ಫ್ರ್ಯಾಕ್ಸ್ (ಮುಂದೆ ಮೂಳೆ ಮುರಿಯುವ ಸಾಧ್ಯತೆಯ ಲೆಕ್ಕ) ಹಾಕಿ, ಅನುಮಾನ ಇದ್ದವರನ್ನಷ್ಟೇ ಕಳಿಸುತ್ತೇನೆ. ಕಟ್ಟು ಬಿಚ್ಚುವ ದಿನ ರಕ್ತದಲ್ಲಿ ಕ್ಯಾಲ್ಸಿಯಂ, ಕಿಡ್ನಿಯ ಕ್ರಿಯಾಟಿನಿನ್ ಸರಿಯಿದ್ದರೆ ಅಲ್ಲೇ ಜೊಲೆಡ್ರೊನಿಕ್ 5 ಮಿಗ್ರಾಂ ಡ್ರಿಪ್, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಔಷಧ. ಜನರಿಕ್ ಆದರೆ ಮೂರು ಸಾವಿರದೊಳಗೆ ಮುಗಿಯುತ್ತೆ. ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕಮ್ಮಿ ಇದ್ದರೆ ಮುಟ್ಟುವುದಿಲ್ಲ. ಸೊಂಟದ ಆಪರೇಷನ್ ಆದವರಿಗೆ ಎರಡು ವಾರ ಕಳೆದು, ಹೊಲಿಗೆ ಬಿಚ್ಚಿದ ಮೇಲೆ. ನಕ್ಕವರಿಗೆ ಇದೇ ಔಷಧದ 2007ರ ಹೊರೈಜನ್ ಟ್ರಯಲ್ ತೋರಿಸಿದೆ: ಸೊಂಟ ಮುರಿದವರಲ್ಲಿ ಹೊಸ ಮುರಿತ 35% ಕಮ್ಮಿ, ಸಾವು 28% ಕಮ್ಮಿ. ಮರುದಿನ ಜ್ವರ, ಮೈಕೈ ನೋವು ಬರಬಹುದು ಅಂತ ಮೊದಲೇ ಹೇಳಿ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿ. ಇಲ್ಲಾಂದ್ರೆ "ಆ ಇಂಜೆಕ್ಷನ್ ಆಗಿಬರಲ್ಲ" ಅಂತ ಸಂತೆಯಲ್ಲೆಲ್ಲ ಸುದ್ದಿ.

ಮುಂದಿನ ಡೋಸಿಗೆ ನೋಟ್‌ಬುಕ್ಕಿದೆ. ಅದರಲ್ಲಿ ಅಜ್ಜಿಯ ನಂಬರ್ ಇಲ್ಲ, ಮಗಳದ್ದು ಇದೆ. ಫೋನಲ್ಲಿ ಸಿಸ್ಟರ್ ಏನು ಹೇಳಿ ಒಪ್ಪಿಸುತ್ತಾರೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ, ಅದು ನಮ್ಮ ಅಂಗಡಿ ಗುಟ್ಟು. ಮೊದಲು ಹತ್ತರಲ್ಲಿ ಒಬ್ಬರಿಗೆ ಚಿಕಿತ್ಸೆ ಸಿಕ್ಕರೆ ಹೆಚ್ಚು. ಈಗ ಆರೇಳು ಮಂದಿಗೆ ಸಿಗುತ್ತಿದೆ, ಎರಡನೇ ಡೋಸಿಗೆ ಅರ್ಧಕ್ಕಿಂತ ಜಾಸ್ತಿ ಬರುತ್ತಾರೆ.

ನಡುವೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಓಪಿಡಿ ಗೋಡೆ ಮೇಲೆ ಎತ್ತರದ ಗುರುತು ಹಾಕಿ, ನಾಲ್ಕು ಸೆಂಟಿಮೀಟರ್ ಕುಗ್ಗಿದವರಿಗೆ ಬೆನ್ನಿನ ಎಕ್ಸ್‌ರೇ. ನೋವೇ ಇಲ್ಲದ ಮುರಿತ ಕೆಲವು ಸಿಕ್ಕವು. ಆಮೇಲೆ ಪೇಂಟಿನವನು ಬಂದು ಗುರುತೆಲ್ಲ ಅಳಿಸಿ ಹಾಕಿದ!

ಮೂಳೆ ಸವೆತದ ಇನ್ನೊಂದು ಇಂಜೆಕ್ಷನ್ ಡೆನೊಸುಮಾಬ್ ಯಾಕೆ ಕೊಡಲ್ಲ ಅಂತ ಕೇಳುತ್ತಾರೆ. ಆರು ತಿಂಗಳಿಗೊಮ್ಮೆ ತಪ್ಪದೆ ಕೊಡಬೇಕು, ತಪ್ಪಿದರೆ ಬೆನ್ನುಮೂಳೆ ಒಂದರ ಹಿಂದೊಂದು ಕುಸಿಯಬಹುದು. ನಮ್ಮ ಕಡೆ ಕೊಬ್ಬರಿ ರೇಟು ಬಿದ್ದರೆ ಮನೆಯಲ್ಲಿ ಮೊದಲು ಮುಂದಕ್ಕೆ ಹೋಗುವುದು ಅಜ್ಜಿಯ ಇಂಜೆಕ್ಷನ್ನೇ.