ಶುಗರ್ ಇದ್ದವರು ಕಣ್ಣಿನ ರೆಟಿನಾ ಕಾಪಾಡಿಕೊಳ್ಳುವುದು ಹೇಗೆ?

ದೂರದಿಂದಲೇ ಚಿಗರಿ ಬಸ್ಸಿನ ಬೋರ್ಡು ಓದಲು ಬರುತ್ತದೆ, ಇನ್ನು ಕಣ್ಣಿಗೇನು ಧಾಡಿ ಎಂದು ಹುಬ್ಬಳ್ಳಿ–ಧಾರವಾಡದ ಮಧುಮೇಹಿಗಳು ನಿಶ್ಚಿಂತರಾಗಬಾರದು. ದೃಷ್ಟಿ ಚೆನ್ನಾಗಿರುವಾಗಲೇ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆ, ಕೆಡತೊಡಗಿರಬಹುದು. ಅದರಲ್ಲಿ ವಿಇಜಿಎಫ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು.

ಇದು ಕೆಟ್ಟ ಪ್ರೋಟೀನ್ ಅಲ್ಲ. ಭ್ರೂಣದಲ್ಲಿ ರಕ್ತನಾಳ ಬೆಳೆಯಲು, ಗಾಯ ಮಾಯಲು ಇದು ಬೇಕೇ ಬೇಕು. ಆದರೆ ರಕ್ತದ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರೆಟಿನಾದ ಸೂಕ್ಷ್ಮ ನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದೆ ಕಂಗೆಟ್ಟ ಜೀವಕೋಶಗಳು ವಿಇಜಿಎಫ್ ಅನ್ನು ಅತಿಯಾಗಿ ಸ್ರವಿಸುತ್ತವೆ. ಆಗ ಇದ್ದ ನಾಳಗಳು ಸೋರುತ್ತವೆ, ಹೊಸವು ಚಿಗುರುತ್ತವೆ. ಹೊಸ ನಾಳಗಳಿಂದ ಉಪಕಾರವಿಲ್ಲ: ಅವು ರೆಟಿನಾದ ಮೇಲೆ ಅಡ್ಡಾದಿಡ್ಡಿ ಹಬ್ಬುತ್ತವೆ, ಗೋಡೆ ತೀರ ತೆಳು, ಒಡೆದರೆ ಕಣ್ಣೊಳಗೆ ರಕ್ತ. ಜೊತೆಗೆ ಬೆಳೆದ ನಾರು ಕುಗ್ಗಿ ರೆಟಿನಾವನ್ನೇ ಎಳೆದು ಕೀಳಬಹುದು. ನಾಳಗಳನ್ನು ಚಿಗುರಿಸುವ ಇಂಥದೊಂದು ವಸ್ತು ಇರಬೇಕೆಂದು ನೇತ್ರತಜ್ಞ ಐಸಾಕ್ ಮೈಕೆಲ್ಸನ್ 1948ರಲ್ಲೇ ಊಹಿಸಿದ್ದರು.

ಹಾಗಾದರೆ ಮಾಡಬೇಕಾದ್ದೇನು? ಟೈಪ್ 2 ಮಧುಮೇಹ ಪತ್ತೆಯಾದ ಕೂಡಲೇ ರೆಟಿನಾ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು. ಕಣ್ಣಿಗೆ ಹನಿ ಔಷಧಿ ಹಾಕಿ ಪಾಪೆ ಹಿಗ್ಗಿಸಿ ನೋಡಬೇಕು. ಕೆಲವು ಗಂಟೆ ಮಂಜು ಮಂಜಾಗಿ ಕಾಣುವುದರಿಂದ ಬೈಕ್ ಮನೆಯಲ್ಲೇ ಇರಲಿ, ಜೊತೆಗೊಬ್ಬರು ಬರಲಿ.

ರೆಟಿನಾದಲ್ಲಿ ಊತದ ಅನುಮಾನವಿದ್ದರೆ ಅದರ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಒಸಿಟಿ ಸ್ಕ್ಯಾನ್ ಮಾಡುತ್ತಾರೆ. ಅಗತ್ಯವಿದ್ದವರಿಗೆ ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್ ಅಥವಾ ಅಫ್ಲಿಬರ್ಸೆಪ್ಟ್ ಚುಚ್ಚುಮದ್ದು. ಕಣ್ಣಿಗೆ ಸೂಜಿ ಎಂದೊಡನೆ ಎದೆ ಝಲ್ಲೆನ್ನುವುದು ಸಹಜ. ಆದರೆ ಮೊದಲು ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್ ದ್ರಾವಣದಿಂದ ಶುಚಿಗೊಳಿಸುತ್ತಾರೆ. ಕರಿಗುಡ್ಡೆಯ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ಆಚೆ, ಬಿಳಿಭಾಗದಲ್ಲಿ ಸಣ್ಣ ಸೂಜಿ ಇಳಿಯುತ್ತದೆ. ಸಾಮಾನ್ಯವಾಗಿ ಔಷಧಿ 0.05 ಮಿಲಿಲೀಟರ್, ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ.

ನಾನು ಒತ್ತಿ ಹೇಳಬೇಕಾದ್ದು ಇಲ್ಲಿದೆ. ಈ ಮದ್ದು ಸ್ರವಿಸಿದ ಪ್ರೋಟೀನನ್ನು ಕಟ್ಟಿಹಾಕುತ್ತದೆಯೇ ಹೊರತು ಅದು ಹುಟ್ಟುವುದನ್ನು ನಿಲ್ಲಿಸುವುದಿಲ್ಲ. ಮದ್ದು ಕರಗಿದಂತೆ ನಾಳಗಳು ಮತ್ತೆ ಸೋರಬಹುದು. ಆದ್ದರಿಂದ, ಕಣ್ಣು ತಿಳಿಯಾಯಿತೆಂದು ಮುಂದಿನ ಡೋಸ್ ಬಿಡಬೇಡಿ. ಖರ್ಚು ಭಾರವಾದರೆ ವೈದ್ಯರಿಗೆ ನೇರವಾಗಿ ಹೇಳಿ; ಮದ್ದುಗಳ ಬೆಲೆಯಲ್ಲಿ ಬಹಳ ಅಂತರವಿದೆ. ಲೇಸರ್ ದಾರಿಯೂ ಇದೆ: ರೆಟಿನಾದ ಆಮ್ಲಜನಕವಿಲ್ಲದ ಅಂಚಿನ ಭಾಗವನ್ನು ಸುಟ್ಟರೆ ವಿಇಜಿಎಫ್ ಸ್ರಾವವೇ ತಗ್ಗುತ್ತದೆ.

ಚುಚ್ಚುಮದ್ದಿನ ನಂತರದ ದಿನಗಳಲ್ಲಿ ನೋವು ಹೆಚ್ಚಿದರೆ, ಕಣ್ಣು ಕೆಂಪೇರುತ್ತ ಹೋದರೆ, ನೋಟ ಮಬ್ಬಾದರೆ ಅದು ಸೋಂಕಿರಬಹುದು. ಮೆಡಿಕಲ್ ಅಂಗಡಿಯ ಹನಿ ಹಾಕಿಕೊಂಡು ಕೂರದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ.