ಶಂಖುಹುಳು ಮುಂದೆ ಯಾರ ತೋಟಕ್ಕೆ? ಮುಂಗಾರಿಗೆ ಮೊದಲೇ ನಕ್ಷೆ ಹಾಕುವ ಬಗೆ

ಕೊಡಗಿನ ಶನಿವಾರಸಂತೆ ಹೋಬಳಿಯಲ್ಲಿ ನಮ್ಮದು ಎಂಟು ಎಕರೆ ಕಾಫಿ, ನಡುವೆ ಬಾಳೆ, ಮರಕ್ಕೆ ಮೆಣಸು. ಆಫ್ರಿಕನ್ ಶಂಖುಹುಳು, ಅಂದರೆ ಬೆಳೆ ತಿನ್ನುವ ದೊಡ್ಡ ಬಸವನಹುಳು, ನಮ್ಮಲ್ಲಿ ಹೊಕ್ಕ ವರ್ಷ ನಾನು ಪಕ್ಕದ ತೋಟದ ಬೇಲಿಯನ್ನೇ ಕಾಯುತ್ತಿದ್ದೆ. ಅದು ಬಂದದ್ದು ಗೇಟಿನಿಂದ, ನರ್ಸರಿಯಿಂದ ತರಿಸಿದ ಬಾಳೆಕಂದುಗಳ ಬುಡದ ಮಣ್ಣಿನ ಜೊತೆ. ಅಂದಿನಿಂದ ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಮುಗಿದ ಕೂಡಲೇ, ಹುಳು ಮುಂದೆ ಯಾವ ತೋಟಕ್ಕೆ ಹೋದೀತು ಎಂಬ ನಕ್ಷೆ ಹಾಕಲು ಕೂರುತ್ತೇನೆ. ನೀವೂ ಹಾಕಬಹುದು.

ಮೊದಲು ಹುಳು ಅದೇ ಹೌದೇ ನೋಡಿ. ಚಿಪ್ಪು ಉದ್ದವಾಗಿ ತುದಿ ಚೂಪಾಗಿರುತ್ತದೆ, ಚಿಪ್ಪಿನ ಮೇಲೆ ಕಂದು ಪಟ್ಟೆಗಳಿರುತ್ತವೆ. ಕೆಂಪು ಮೈಯ, ತೆಳು ಚಿಪ್ಪಿನ ಹುಳು ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ಇಂದ್ರೆಲ್ಲಾ, ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಜೀವ.

ಊರಿನ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಳ್ಳಿ. ಹುಳು ಕಂಡಲ್ಲಿ ಕೆಂಪು ಚುಕ್ಕೆ, ತಾರೀಖು. ಹುಡುಕಿಯೂ ಸಿಗದ ಕಡೆ ನೀಲಿ ಚುಕ್ಕೆ. ನೀಲಿ ಚುಕ್ಕೆಯನ್ನು ಯಾರೂ ಹಾಕುವುದಿಲ್ಲ. ಅದಿಲ್ಲದಿದ್ದರೆ ಹುಳು ಇಲ್ಲದ ಜಾಗ ಯಾವುದು, ನಾವು ನೋಡದೇ ಬಿಟ್ಟ ಜಾಗ ಯಾವುದು ಎಂದೇ ತಿಳಿಯುವುದಿಲ್ಲ.

ಈಗ ಪ್ರತಿ ತೋಟಕ್ಕೂ ಎರಡು ಅಂಕ ಕೊಡಬೇಕು, ಸೊನ್ನೆಯಿಂದ ಮೂರರವರೆಗೆ. ಒಂದು, ಹುಳು ಅಲ್ಲಿ ಬದುಕೀತೇ? ನೆರಳು, ತೇವ, ದಪ್ಪ ತರಗು, ಬಾಳೆ ಅಥವಾ ಪಪ್ಪಾಯ ಇದ್ದರೆ ಅಂಕ ಏರಿಸಿ. ಸುಣ್ಣವನ್ನು ಮರೆಯಬೇಡಿ. ಚಿಪ್ಪು ಕಟ್ಟಲು ಅದಕ್ಕೆ ಸುಣ್ಣದ ಅಂಶ ಬೇಕು. ಹುಳಿ ಮಣ್ಣಿಗೆಂದು ನಾವು ತೋಟಕ್ಕೆ ಹಾಕುವ ಸುಣ್ಣವೂ ಸುಣ್ಣ ಬಳಿದ ಗೋಡೆಯೂ ಅದಕ್ಕೆ ಒದಗುತ್ತವೆ.

ಎರಡನೆಯದು, ಅಲ್ಲಿಗೆ ತಲುಪೀತೇ? ನನ್ನ ಅನುಭವದಲ್ಲಿ ನಕ್ಷೆಯ ಮುನ್ಸೂಚನೆ ನಿಂತಿರುವುದು ಇದರ ಮೇಲೆ. ತಾನಾಗಿ ಅದು ಒಂದು ರಾತ್ರಿಗೆ ತೆವಳುವುದು ಹೆಚ್ಚೆಂದರೆ ಹತ್ತಾರು ಮೀಟರ್. ದೂರ ಒಯ್ಯುವವರು ನಾವು. ಭಾರತಕ್ಕೆ ಬಂದದ್ದೂ ಹಾಗೆಯೇ: 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ತಜ್ಞ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದದ್ದು. ಹಾಗಾಗಿ ಮನೆಮನೆಗೆ ಹೋಗಿ ಕೇಳಿ: ಈ ವರ್ಷ ಸಸಿ ಎಲ್ಲಿಂದ ತಂದಿರಿ? ಕೊಟ್ಟಿಗೆ ಗೊಬ್ಬರ, ಮಣ್ಣಿನ ಲೋಡು, ಮರದ ದಿಮ್ಮಿ ಯಾವ ಕಡೆಯಿಂದ ಬಂತು? ಕೆಂಪು ಚುಕ್ಕೆಯ ಊರಿನಿಂದ ಬಂದಿದ್ದರೆ ನೇರ ಮೂರು ಕೊಡಿ. ಒಂದೇ ಹುಳು ಬಂದರೂ ಸಾಕು. ಒಂದರಲ್ಲೇ ಗಂಡು-ಹೆಣ್ಣು ಎರಡೂ ಇರುತ್ತವೆ, ಮೊದಲೇ ಕೂಡಿದ್ದರೆ ಒಂಟಿಯಾಗಿಯೇ 100ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಎರಡೂ ಅಂಕಗಳನ್ನು ಗುಣಿಸಿ, ಕೂಡಬೇಡಿ. ಬದುಕಲಾರದ ಜಾಗಕ್ಕೆ ಎಷ್ಟು ಲೋಡು ಬಂದರೂ ಫಲ ಸೊನ್ನೆಯೇ. ಕೂಡಿದರೆ ಅಲ್ಲಿ ಸುಳ್ಳು ಮೂರು ಕಾಣಿಸುತ್ತದೆ.

ಕಂಪ್ಯೂಟರ್ ಬಲ್ಲವರು ಮ್ಯಾಕ್ಸೆಂಟ್ ಎಂಬ ತಂತ್ರಾಂಶಕ್ಕೆ ಹುಳು ಕಂಡ ಜಾಗಗಳನ್ನೂ ವರ್ಲ್ಡ್‌ಕ್ಲಿಮ್ ಎಂಬ ಹವಾಮಾನ ದತ್ತಾಂಶದ ಮಳೆ, ತಾಪಮಾನದ ಪದರಗಳನ್ನೂ ಕೊಟ್ಟು ಹುಳು ಬದುಕಬಲ್ಲ ಜಾಗಗಳ ನಕ್ಷೆ ತೆಗೆಯುತ್ತಾರೆ. ಜಿಲ್ಲೆಯ ಮಟ್ಟಕ್ಕೆ ಅದು ಒಳ್ಳೆಯದು. ಆದರೆ ಅದರ ಒಂದು ಚೌಕವೇ ಸುಮಾರು 1 ಕಿಲೋಮೀಟರ್ ಅಗಲ, ನನ್ನ ತೋಟ, ನೆರೆಯವರ ತೋಟ ಎಲ್ಲಾ ಅದರೊಳಗೇ. ಚುಕ್ಕೆಗಳು ರಸ್ತೆ ಬದಿಯವೇ ಆಗಿದ್ದರೆ ಹುಡುಕಿದವರು ಓಡಾಡಿದ ದಾರಿಯೇ ಹುಳುವಿನ ನೆಲೆಯಂತೆ ಮೂಡಿಬಿಡುತ್ತದೆ.

ಆರು, ಒಂಬತ್ತು ಬಂದ ತೋಟಗಳನ್ನು ಮುಂಗಾರಿನ ಮೊದಲ ಮಳೆಗಳಲ್ಲೇ ಪರೀಕ್ಷಿಸಿ. ಬೇಸಿಗೆಯಲ್ಲಿ ಅದು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ, ಸಿಗುವುದಿಲ್ಲ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯ ಎಲೆ, ಕೋಸಿನ ಎಲೆ ಹಾಕಿಡಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿ ನೋಡಿ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಅದರಲ್ಲಿರಬಹುದು. ಒಂದು ದಿನ ಸಿಗಲಿಲ್ಲವೆಂದು ನೀಲಿ ಚುಕ್ಕೆ ಹಾಕಬೇಡಿ. ನಾನು ಮೂರು ವಾರ ನೋಡುತ್ತೇನೆ, ಮೊಟ್ಟೆ ಮಣ್ಣಿನೊಳಗಿರುತ್ತದೆ.

ಹೋದ ವರ್ಷ ಊರಿನ ಶಾಲೆಯ ಕೈತೋಟಕ್ಕೆ ಗುಣಿಸಿದಾಗ ನನಗೆ ಬಂದದ್ದು ಬರೀ ಎರಡು. ಜುಲೈನಲ್ಲಿ ಅಲ್ಲೇ ಒಂದು ಬಕೆಟ್ ಹುಳು ಸಿಕ್ಕಿತು. ಕೈತೋಟಕ್ಕೆ ಮಣ್ಣು ಹೊಡೆಸಿದ್ದನ್ನು ನಾನು ಕೇಳಿರಲೇ ಇಲ್ಲ. ಈ ಸಲ ಮಣ್ಣು ಹೊಡೆಯುವ ಟ್ರ್ಯಾಕ್ಟರ್‌ನವರಿಂದಲೇ ವಿಚಾರಣೆ ಶುರು ಮಾಡಿದ್ದೇನೆ.