ರುಮ್ತ್ಸೆಯಿಂದ ಕೊರ್ಜೋಕ್‌ಗೆ ಕುದುರೆ ಮೇಲೆ: ಮೂರನೇ ಸಲ ಆಯ್ತು

2024ರ ಆಗಸ್ಟ್‌ನಲ್ಲಿ ನಾನು, ನನ್ನ ಗೆಳೆಯ, ಒಬ್ಬ ಕುದುರೆಯವರು, ಐದು ಕುದುರೆ. ಲಡಾಖ್‌ನ ರುಮ್ತ್ಸೆಯಿಂದ ಹೊರಟು ಒಂಬತ್ತನೇ ದಿನ ತ್ಸೋ ಮೊರಿರಿ ಸರೋವರದ ದಡದ ಕೊರ್ಜೋಕ್ ಮುಟ್ಟಿದೆವು. ಒಂದು ಕುದುರೆಗೂ ಬೆನ್ನು ಗಾಯ ಆಗಲಿಲ್ಲ. ಈ ಮಾತು ಬರೆಯೋಕೆ ನನಗೆ ಆರು ವರ್ಷ ಹಿಡಿಯಿತು.

ಚಾರಣದ ಗೆಳೆಯರು ಯಾರೂ ಇದನ್ನು ಒಪ್ಪಿರಲಿಲ್ಲ. ‘ಅಲ್ಲಿ ಕುದುರೆ ಇರೋದು ಗಂಟುಮೂಟೆ ಹೊರೋಕೆ, ನೀನು ನಡಿ’ ಅಂದರು. ಬೆಂಗಳೂರಲ್ಲಿ ನನಗೆ ಸವಾರಿ ಕಲಿಸಿದವರೂ ‘ಐದು ಸಾವಿರ ಮೀಟರ್ ಮೇಲೆ ಸವಾರನನ್ನು ಹೊತ್ತ ಕುದುರೆ ಮೂರೇ ದಿನಕ್ಕೆ ಸೋಲುತ್ತೆ’ ಅಂದಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು.

2018ರಲ್ಲಿ ಮಾಡಿದ ತಪ್ಪು ಜೀನಿನದು. ಸೆಕೆಂಡ್ ಹ್ಯಾಂಡ್ ಇಂಗ್ಲಿಷ್ ಜೀನು, 22 ಸಾವಿರ ಕೊಟ್ಟು ತಗೊಂಡೆ. ವಿಮಾನದಲ್ಲಿ ಹಾಕೋಕೆ ಮತ್ತೆ ನಾಲ್ಕು ಸಾವಿರ. ರೇಸ್ ಕುದುರೆ ಬೆನ್ನಿಗೆ ಹೊಲಿದ ಜೀನು ಅದು. ಅಲ್ಲಿನ ಝನ್ಸ್ಕಾರಿ ತಳಿಯ ಕುದುರೆ ಗಿಡ್ಡ, ಅದರ ಬೆನ್ನು ಡ್ರಮ್ಮಿನ ಹಾಗೆ ದುಂಡಗೆ. ಇಳಿಜಾರಿನಲ್ಲಿ ಜೀನು ಜಾರಿ ಜಾರಿ ಕುತ್ತಿಗೆ ಹತ್ತಿರ ಬರುತ್ತಿತ್ತು. ನಾನು ಪಟ್ಟಿ ಇನ್ನೂ ಬಿಗಿ ಮಾಡಿದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಬೆನ್ನಿನ ಎರಡೂ ಕಡೆ ಅಂಗೈಯಷ್ಟು ಚರ್ಮ ಸುಲಿದಿತ್ತು. ಅಲ್ಲಿಂದಲೇ ವಾಪಸ್. ಜೀನನ್ನು ಒಂಬತ್ತು ಸಾವಿರಕ್ಕೆ ಮಾರಿದೆ. ದುಡ್ಡು ಹೋಗಿದ್ದಕ್ಕಿಂತ ಆ ಗಾಯ ನೋಡಿದ್ದು ಜಾಸ್ತಿ ನೋವಾಯಿತು, ಆ ಕುದುರೆ ಒಂದು ಸಲವೂ ಒದ್ದಿರಲಿಲ್ಲ.

2022ರಲ್ಲಿ ಕುದುರೆಗಳೇ ಮಾಯ. ದಾರಿಯಲ್ಲಿ ಸಿಗೋ ತ್ಸೋ ಕರ್ ಕೆರೆ ಹತ್ತಿರ ರಾತ್ರಿ ಮೇಯೋಕೆ ಬಿಟ್ಟಿದ್ದೆವು, ಬೆಳಿಗ್ಗೆ ಒಂದೂ ಇಲ್ಲ. ಎಲ್ಲವೂ ಬಂದ ದಾರಿಯಲ್ಲೇ ಊರಿನ ಕಡೆ ಹೊರಟಿದ್ದವು. ಹುಡುಕಿ ತರೋಕೆ ಒಂದೂವರೆ ದಿನ. ಅಷ್ಟರಲ್ಲಿ ನನ್ನ ರಜೆ ಮುಗಿಯುತ್ತಾ ಬಂದಿತ್ತು. ಆ ಸಲ 40 ಸಾವಿರ ನೀರಲ್ಲಿ ಹೋಮ.

ಮೂರನೇ ಸಲ ಮೊದಲು ಇಳಿಸಿದ್ದು ನನ್ನ ತೂಕ. 78 ಇದ್ದದ್ದು 67ಕ್ಕೆ ಬಂತು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನೋದು ಸವಾರರ ಲೆಕ್ಕ. ಈ ಕುದುರೆಗಳು ಅಬ್ಬಬ್ಬಾ ಅಂದರೆ 300 ಕೆಜಿ. ಅಂದರೆ 60 ಕೆಜಿ. ಜೀನು ಏಳು ಕೆಜಿ ಹಿಡಿದರೆ ನಾನು ಆಗಲೂ ಜಾಸ್ತಿನೇ. ಉಳಿದದ್ದನ್ನು ಕಾಲಿನಿಂದ ತೀರಿಸಬೇಕು ಅಂತ ತೀರ್ಮಾನ ಮಾಡಿದೆ. ಬಯಲಿನಲ್ಲಿ, ನಿಧಾನ ಏರಿನಲ್ಲಿ ಮಾತ್ರ ಸವಾರಿ. ಇಳಿಜಾರು ಪೂರ್ತಿ ನಡಿಗೆ. ಕಣಿವೆ ದಾರಿಯ ಕೊನೆಯ ಕಡಿದಾದ ಏರೂ ನಡಿಗೆ. ಅರ್ಧ ಗಂಟೆ ಸವಾರಿಗೆ ಹತ್ತು ನಿಮಿಷ ಇಳಿದು ಲಗಾಮು ಹಿಡಿದು ನಡೆಯೋದು. ದಿನಕ್ಕೆ ಮೂರು ಗಂಟೆ ಕುದುರೆ ಮೇಲೆ, ಎರಡೂವರೆ ಮೂರು ಗಂಟೆ ನಡಿಗೆ. ‘ಅಷ್ಟು ನಡೆಯೋದಾದ್ರೆ ಕುದುರೆ ಯಾಕೆ?’ ಅಂತ ಕೇಳಬಹುದು. ಉತ್ತರ ಮುಂದೆ ಬರುತ್ತೆ.

ಎರಡನೆಯದು ಹುಲ್ಲು. ಮೊದಲೆರಡು ಸಲ ನಕ್ಷೆ ನೋಡಿ ‘ಇವತ್ತು ಇಷ್ಟು ಕಿಲೋಮೀಟರ್’ ಅಂತ ಬರೆದುಕೊಂಡಿದ್ದೆ. ಈ ಸಲ ಕುದುರೆಯವರ ಕೈಗೆ ಬಿಟ್ಟೆ. ಅವರಿಗೆ ಅರವತ್ತರ ಹತ್ತಿರ ವಯಸ್ಸು, ನಾವು ‘ಅಝಂಗ್-ಲೇ’ ಅಂತಿದ್ದೆವು, ಅಂದರೆ ಸೋದರಮಾವ. ಎಲ್ಲಿ ಹುಲ್ಲು, ಎಲ್ಲಿ ಸಿಹಿನೀರು, ಅಲ್ಲೇ ಡೇರೆ. ಒಂದು ದಿನ ಹನ್ನೊಂದಕ್ಕೇ ನಿಂತೆವು, ಇನ್ನೊಂದು ದಿನ ಸಂಜೆ ಐದರವರೆಗೆ ಹೋದೆವು. ನಡೆದು ಹೋಗುವವರು ಏಳೆಂಟು ದಿನದಲ್ಲಿ ಮುಗಿಸುವ ದಾರಿ ಇದು, ನಮಗೆ ಒಂಬತ್ತು. ತ್ಸೋ ಕರ್‌ನಲ್ಲಿ ಇನ್ನೂ ಒಂದು ಎಚ್ಚರ ಬೇಕು. ದೊಡ್ಡ ಕೆರೆ ಪೂರ್ತಿ ಉಪ್ಪು, ಕುದುರೆ ಮೂಸಿ ನೋಡಿ ತಲೆ ಎತ್ತಿಬಿಡುತ್ತೆ. ಪಕ್ಕದ ಸ್ತರ್ತ್ಸಪುಕ್ ತ್ಸೋ ಸಿಹಿನೀರು, ಆ ಕಡೆಯೇ ಹೋಗಿ. ದಡದ ಬಿಳಿ ನೆಲ ಗಟ್ಟಿ ಅಂತ ನಂಬಬೇಡಿ, ನಮ್ಮ ಒಂದು ಕುದುರೆ ಮೊಣಕಾಲವರೆಗೆ ಹೂತು, ಸಾಮಾನು ಇಳಿಸಿ ಎಳೆಯೋ ಹೊತ್ತಿಗೆ ಸಾಕುಬೇಕಾಯಿತು.

ರಾತ್ರಿ ಓಡಿಹೋಗುವ ಸಮಸ್ಯೆಗೆ ಅಝಂಗ್-ಲೇ ಹತ್ತಿರ ಸುಲಭದ ಪರಿಹಾರ ಇತ್ತು. ಗುಂಪಿಗೆ ದೊಡ್ಡವಳಾದ ಒಂದು ಬೂದು ಹೆಣ್ಣು ಕುದುರೆ. ಅದನ್ನು ಮಾತ್ರ ಉದ್ದ ಹಗ್ಗದಲ್ಲಿ ಕಟ್ಟಿ, ಕೊರಳಿಗೆ ಗಂಟೆ ಹಾಕೋದು. ಉಳಿದವು ಅದನ್ನು ಬಿಟ್ಟು ಹೋಗಲ್ಲ. ತುಂಬಾ ಚುರುಕಾಗಿದ್ದ ಒಂದಕ್ಕೆ ಮಾತ್ರ ಮುಂಗಾಲು ಎರಡೂ ಸೇರಿಸಿ ಸಡಿಲವಾಗಿ ಕಟ್ಟಿದೆವು. ರಾತ್ರಿ ಎಚ್ಚರವಾದಾಗ ಗಂಟೆ ಸದ್ದು ಕೇಳಿದರೆ ಸಾಕು, ಮತ್ತೆ ನಿದ್ದೆ.

ಇನ್ನು ಬೆನ್ನಿನ ವಿಷಯ. ಜೀನು ಅಲ್ಲಿಯದೇ, ಮರದ ಚೌಕಟ್ಟಿನದು. ಕೆಳಗೆ ಹಾಕೋಕೆ ನಾನು ಒಯ್ದದ್ದು ನಮ್ಮ ಚಳ್ಳಕೆರೆ ಕಡೆಯ ಕರಿ ಕಂಬಳಿ. ಎರಡು ಕಂಬಳಿಗೆ ಮೂರು ಸಾವಿರ ಚಿಲ್ಲರೆ ಆಯ್ತು. ಫೋಮ್ ಪ್ಯಾಡಿನ ಮೇಲೆ ಹತ್ತು ಸಾವಿರ ಸುರಿಯೋರು ಒಂದು ಸಲ ಇದನ್ನು ಹಾಕಿ ನೋಡಲಿ. ಉಣ್ಣೆ ಒರಟು, ಜಾರಲ್ಲ. ಬೆವರು ಕುಡಿಯುತ್ತೆ, ಮಧ್ಯಾಹ್ನದ ಬಿಸಿಲಿಗೆ ಬಿಡಿಸಿ ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತೆ. ರಾತ್ರಿ ನಮಗೇ ಹೊದಿಕೆ. ಬೆನ್ನುಮೂಳೆಗೆ ತಾಗದ ಹಾಗೆ ಮಡಿಸೋಕೆ ಒಂದು ರೀತಿ ಇದೆ, ಎರಡು ಚಳಿಗಾಲ ಮನೆಯಲ್ಲಿ ಪೀಪಾಯಿ ಮೇಲೆ ಹಾಕಿ ಹಾಕಿ ನೋಡಿ ಕಂಡುಕೊಂಡದ್ದು. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ಜೊತೆ ಬಂದವರಿಗೆ ತೋರಿಸುತ್ತೇನೆ.

ಹುರುಳಿ ಪ್ರಯೋಗ ಹೇಳಲೇಬೇಕು. ನಮ್ಮ ಅಜ್ಜ ಗಾಡಿ ಕುದುರೆಗೆ ಬೇಯಿಸಿದ ಹುರುಳಿ ಕೊಡುತ್ತಿದ್ದರು. ಅದೇ ನೆನಪಿನಲ್ಲಿ ಎಂಟು ಕೆಜಿ ಕಟ್ಟಿಕೊಂಡು ಹೋದೆ. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ, ರಾತ್ರಿ ನೆನೆಸಿಟ್ಟರೂ ತೆರೆದ ಪಾತ್ರೆಯಲ್ಲಿ ಎರಡು ಗಂಟೆಯಾದರೂ ಕಲ್ಲು ಕಲ್ಲು. ಸೀಮೆಎಣ್ಣೆ ಸುಮ್ನೆ ದಂಡ. ಕುಕ್ಕರ್ ಇಟ್ಟ ಮೇಲೆ ಬೆಂದಿತು. ಮೊದಲ ದಿನ ಐದು ಕುದುರೆಗಳೂ ಮೂಗು ತಿರುಗಿಸಿದವು. ಮಾರನೇ ದಿನ ಒಂದು ಚೂರು ಬೆಲ್ಲ, ಬಾರ್ಲಿ ಹಿಟ್ಟು ಕಲಸಿ ಉಂಡೆ ಮಾಡಿದೆ. ಬೂದು ಹೆಣ್ಣು ಮೊದಲು ತಿಂದಳು, ಆಮೇಲೆ ಎಲ್ಲವೂ. ಐದನೇ ದಿನಕ್ಕೆ ಕುಕ್ಕರ್ ಸೀಟಿ ಹೊಡೆದರೆ ಎಲ್ಲ ಕುದುರೆಗಳ ಕಿವಿ ನಮ್ಮ ಡೇರೆ ಕಡೆ ತಿರುಗುತ್ತಿತ್ತು! ಒಮ್ಮೆಗೆ ಜಾಸ್ತಿ ಕೊಡಬೇಡಿ, ಅಭ್ಯಾಸ ಇಲ್ಲದ ಹೊಟ್ಟೆ ಉಬ್ಬುತ್ತೆ. ನಾನು ಒಂದೊಂದು ಮುಷ್ಟಿಯಿಂದ ಶುರುಮಾಡಿದೆ.

ಈಗ ‘ಕುದುರೆ ಯಾಕೆ’ ಅನ್ನೋದಕ್ಕೆ ಉತ್ತರ. ಡೇರೆ ಹಾಕಿದ ಮೇಲೂ ಕಾಲಲ್ಲಿ ಕಸುವು ಉಳಿದಿರುತ್ತೆ. ಸಾಮಾನೆಲ್ಲ ಅಲ್ಲೇ ಬಿಟ್ಟು, ಬರೀ ಜೀನು ಹಾಕಿದ ಕುದುರೆ ಹತ್ತಿ ಪಕ್ಕದ ಕಣಿವೆಗಳಿಗೆ ಹೋಗಬಹುದು. ನುರುಚೆನ್ ಅನ್ನೋ ಡೇರೆ ಜಾಗ ದಾಟಿದ ಮೇಲೆ ಹಾಗೆ ಒಂದು ಸಂಜೆ ಹೋದಾಗ ಹದಿನೈದಿಪ್ಪತ್ತು ಕಿಯಾಂಗ್, ಅಲ್ಲಿನ ಕಾಡು ಕತ್ತೆಗಳು, ನಮ್ಮ ಪಕ್ಕಕ್ಕೇ ಒಂದೇ ಸಾಲಿನಲ್ಲಿ ಓಡಿಬಂದವು. ಒಂದು ಗಂಡು ಸುಮಾರು ನೂರು ಅಡಿ ದೂರದಲ್ಲಿ ನಿಂತಿತು. ಹೊಟ್ಟೆ ಅಚ್ಚ ಬಿಳಿ, ಮೇಲಿನ ಕಂದುಬಣ್ಣ ಗೆರೆ ಎಳೆದ ಹಾಗೆ ಅಲ್ಲೇ ನಿಲ್ಲುತ್ತೆ. ನನ್ನ ಕುದುರೆಯ ಪಕ್ಕೆ ನನ್ನ ಮೊಣಕಾಲಿನ ಕೆಳಗೆ ನಡುಗುತ್ತಿತ್ತು. ನಡೆದು ಹೋಗಿದ್ದರೆ ಆ ಹೊತ್ತಿಗೆ ನಾನು ಡೇರೆಯಲ್ಲಿ ಮಲಗಿರುತ್ತಿದ್ದೆ.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಆ ಸಲ ಒಂದು ಕುದುರೆಗೆ ದಿನಕ್ಕೆ ಸಾವಿರದ ಆಸುಪಾಸು ಇತ್ತು. ಅವರು ಖಾಲಿ ವಾಪಸ್ ಹೋಗುವ ನಾಲ್ಕು ದಿನಕ್ಕೂ ಕೊಡಬೇಕು, ಇದರಲ್ಲಿ ಚೌಕಾಸಿ ಮಾಡಬೇಡಿ. ಅಲ್ಲಿಗೆ 65 ಸಾವಿರ. ಊಟ, ಜೀಪು, ಪರ್ಮಿಟ್ಟು, ಲೇಹ್‌ನಲ್ಲಿ ಮೂರು ರಾತ್ರಿ, ರುಮ್ತ್ಸೆಯಲ್ಲಿ ಎರಡು ರಾತ್ರಿ, ಎಲ್ಲ ಸೇರಿ ಇನ್ನೊಂದು ಮೂವತ್ತು. ವಿಮಾನ ಬೇರೆ. ಆ ಐದು ರಾತ್ರಿ ಮೈ ಎತ್ತರಕ್ಕೆ ಒಗ್ಗೋಕೆ, ಅದನ್ನು ಉಳಿಸೋಕೆ ಹೋಗಬೇಡಿ, ಎತ್ತರದಲ್ಲಿ ಬರೋ ನಿಮ್ಮ ತಲೆನೋವಿಗೆ ಕುದುರೆ ಔಷಧಿ ಅಲ್ಲ.

ಕೊನೆಯ ಕಣಿವೆ ದಾರಿ ಯಾಲುಂಗ್ ನ್ಯಾವ್ ಲಾ, ಅದರ ಎತ್ತರ 5,400 ಮೀಟರ್ ದಾಟುತ್ತೆ. ಮೇಲಿನ ಮುಕ್ಕಾಲು ಗಂಟೆ ನಡೆದೇ ಹತ್ತಿದೆ, ಇಪ್ಪತ್ತು ಹೆಜ್ಜೆಗೆ ಒಂದು ಸಲ ನಿಂತು, ನಾನು ನಿಂತಾಗ ಕುದುರೆಯೂ ನಿಂತು. ಮೇಲೆ ಬಂದಾಗ ದೂರದಲ್ಲಿ ತ್ಸೋ ಮೊರಿರಿಯ ನೀಲಿ ಕಂಡಿತು. ಗೆಳೆಯ ಫೋಟೋ ತೆಗೆಯುತ್ತಿದ್ದ. ನಾನು ಜೀನು ಬಿಚ್ಚಿ ಬೆನ್ನು ನೋಡುತ್ತಿದ್ದೆ.

ಕೊರ್ಜೋಕ್‌ನಲ್ಲಿ ಅಝಂಗ್-ಲೇ ಐದೂ ಕುದುರೆಗಳ ಬೆನ್ನಿನ ಮೇಲೆ ಅಂಗೈ ಆಡಿಸಿದರು, ಕುತ್ತಿಗೆಯಿಂದ ಸೊಂಟದವರೆಗೆ, ಎರಡೆರಡು ಸಲ. ಕೂದಲು ಒಂದೇ ಕಡೆಗೆ ಮಲಗಿತ್ತು, ಎಲ್ಲೂ ಉಜ್ಜಿದ ಗುರುತಿಲ್ಲ. ಮೊದಲ ವಾರ ಪೂರ್ತಿ ನನ್ನನ್ನು ‘ಸರ್’ ಅಂತಿದ್ದವರು ‘ನೋನೋ’ ಅಂದರು, ಅಲ್ಲಿ ಹಾಗೆ ಕರೆಯೋದು ತಮ್ಮನನ್ನು. ಆಮೇಲೆ ಕಂಬಳಿ ಕಡೆ ಕೈ ತೋರಿಸಿ ಎಷ್ಟು ಅಂತ ಕೇಳಿದರು. ಎರಡನ್ನೂ ಅಲ್ಲೇ ಬಿಟ್ಟು ಬಂದೆ. ಮುಂದಿನ ಸಲಕ್ಕೆ ಅಂತ ಆರು ಕಂಬಳಿಗೆ ಈಗಾಗಲೇ ಹೇಳಿಟ್ಟಿದ್ದೇನೆ.